ಪಿಸ್ತೂಲಿನ ಒರೆಯೂ ಮಡಿವಂತರ ಮೂಗೂ



ಅಮೆರಿಕದ ಡೆನ್ವರ್ ನಗರದಲ್ಲಿ ಹುಟ್ಟಿ ಬೆಳೆದಿರುವ ನನ್ನ ತಂಗಿಯ ಮಗನು ಕಚೇರಿಯ ಕೆಲಸ ಮುಗಿದ ಮೇಲೆ ಕೌಬಾಯ್ ಮಾದರಿಯ ಪಿಸ್ತೂಲಿನ ಒರೆಗಳನ್ನು ಚರ್ಮದಲ್ಲಿ ಹೊಲಿಯುತ್ತಾನೆಂಬುದೂ, ಹಳೆಯ ಒರೆಗಳನ್ನು ಹುಡುಕಿ ಸಂಗ್ರಹಿಸುತ್ತಾನೆಂಬುದೂ ನಿಮ್ಮಲ್ಲಿ ಅನೇಕರಿಗೆ ಈಗಾಗಲೇ ತಿಳಿದಿದೆ. ತಿಳಿಯದಿದ್ದವರಿಗೆ ಕಳೆದ ಬೇಸಗೆಯ ಎರಡು ಮದುವೆಮನೆಗಳಲ್ಲಿ ತಿಳಿಸಲಾಯಿತು. ಪಂಕ್ತಿಯಲ್ಲಿ ಹೋಳಿಗೆಗಿಂತ ಮೊದಲು ಆ ಸುದ್ದಿಯೇ ಬಡಿಸಲ್ಪಟ್ಟಿತೆಂದು ಕೇಳಿದ್ದೇನೆ. ಅದರ ಫಲವಾಗಿ ಹುಡುಗನಿಗೆ ಬಹುತೇಕ ನಿಶ್ಚಯವಾಗಿದ್ದ ಸಂಬಂಧವೊಂದು ತಪ್ಪಿಹೋಯಿತು. ಹೆಣ್ಣಿನ ಕಡೆಯವರು ನಯವಾಗಿಯೇ ಹೇಳಿ ಕಳುಹಿಸಿದರು: ಹುಡುಗ ಒಳ್ಳೆಯವನು, ವಿದ್ಯಾವಂತ, ಆದರೆ ಬಂದೂಕಿನ ಸಹವಾಸ, ಅದರ ಮೇಲೆ ಚರ್ಮದ ಕೆಲಸ. ಅವರೊಡನೆ ನನಗೆ ಜಗಳವಿಲ್ಲ. ಹುಡುಗನನ್ನು ಕಂಡೇ ಇಲ್ಲದವರು ಅವರು. ಆದರೆ ಅವನನ್ನು ಎತ್ತಿ ಆಡಿಸಿದ ನಮ್ಮವರೇ ಆ ಮಾತಿಗೆ ತಲೆದೂಗಿದರಲ್ಲ, "ಮೇಷ್ಟ್ರೇ, ನೀವಾದರೂ ಬುದ್ಧಿ ಹೇಳಬಾರದೆ?" ಎಂದು ನನಗೇ ಫೋನು ಮಾಡಿದರಲ್ಲ, ಅವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ಬುದ್ಧಿ ಹೇಳುವುದು ನನ್ನ ವೃತ್ತಿಯೇ ಆಗಿತ್ತು. ಈಗ ಹೇಳುತ್ತಿದ್ದೇನೆ, ಆದರೆ ಅವನಿಗಲ್ಲ.

ಮೂವತ್ತನಾಲ್ಕು ವರ್ಷ ಹೈಸ್ಕೂಲಿನಲ್ಲಿ ಸಮಾಜ ವಿಜ್ಞಾನ ಬೋಧಿಸಿದವನು ನಾನು. ಎರಡು ಪ್ರಶ್ನೆಗಳ ಉತ್ತರಗಳನ್ನು ಕಲಸಿ ಒಂದಾಗಿ ಬರೆದ ಉತ್ತರಪತ್ರಿಕೆಗೆ ನಾನು ಅಂಕ ಕೊಟ್ಟವನಲ್ಲ ಎಂಬುದು ನನ್ನ ವಿದ್ಯಾರ್ಥಿಗಳಿಗೆ ನೆನಪಿರಬಹುದು. ಇಲ್ಲಿಯೂ ಆಗಿರುವುದು ಅದೇ. ಬಂದೂಕಿನ ಆಕ್ಷೇಪಣೆ ಒಂದು, ಚರ್ಮದ ಆಕ್ಷೇಪಣೆ ಇನ್ನೊಂದು. ಮೊದಲನೆಯದು ಗೌರವಕ್ಕೆ ಅರ್ಹವಾದುದು; ಎರಡನೆಯದು ಆ ಗೌರವದ ಮರೆಯಲ್ಲಿ ಮುಖ ಮುಚ್ಚಿಕೊಂಡು ನಿಂತಿರುವಂಥದು.

ವಸ್ತು ಯಾವುದೆಂದು ತಿಳಿಯದೆ ವಾದ ಮಾಡುವುದು ತರವಲ್ಲ. ತಿಳಿದುದರಿಂದ ತಿಳಿಯದುದರೆಡೆಗೆ ಹೋಗಬೇಕೆಂದು ಬಿ.ಎಡ್. ತರಗತಿಯಲ್ಲಿ ನಮಗೆ ಕಲಿಸುತ್ತಿದ್ದರು. ನನ್ನ ಓರಗೆಯವರು 'ಮೆಕನ್ನಾಸ್ ಗೋಲ್ಡ್' ಚಿತ್ರವನ್ನು (ಅದು ಬಂದದ್ದು 1969ರಲ್ಲಿ) ಎಷ್ಟು ಸಲ ನೋಡಿದ್ದೀರೆಂದು ನಿಮ್ಮನ್ನೇ ಕೇಳಿಕೊಳ್ಳಿ. ಅಂಥ ಚಿತ್ರಗಳಲ್ಲಿ ನಾಯಕನ ಸೊಂಟದಿಂದ ತೊಡೆಯವರೆಗೆ ಇಳಿಬಿದ್ದಿರುವ ಪಟ್ಟಿ, ಅದರಲ್ಲಿ ಸಾಲಾಗಿ ತೋಟಾಗಳು, ಪಕ್ಕದಲ್ಲಿ ಪಿಸ್ತೂಲು ಹೊತ್ತ ಚರ್ಮದ ಚೀಲ, ಆ ಚೀಲದ ಕೆಳತುದಿಯನ್ನು ತೊಡೆಗೆ ಕಟ್ಟುವ ದಾರ. ಇದೆಲ್ಲವೂ ನಿಮಗೆ ತಿಳಿದಿದೆ. ಆ ಚೀಲವೇ ಹೋಲ್ಸ್ಟರ್. ಕತ್ತಿಗೆ ಒರೆಯಿರುವಂತೆ ಇದು ಪಿಸ್ತೂಲಿನ ಒರೆ. ಅಲಂಕಾರದ ಒರೆಗಳಲ್ಲಿ ಚರ್ಮದ ಮೇಲೆ ಹೂಬಳ್ಳಿಗಳನ್ನು ಕೆತ್ತಿರುತ್ತಾರೆ. ಅಂಚಿನುದ್ದಕ್ಕೂ ಹಿತ್ತಾಳೆಯ ಅಥವಾ ನಿಕಲ್ ಲೇಪದ ಅರ್ಧಗೋಲಾಕಾರದ ಪುಟ್ಟ ಲೋಹದ ತುಣುಕುಗಳನ್ನು ಒತ್ತೊತ್ತಾಗಿ ಕೂಡಿಸಿರುತ್ತಾರೆ. ಅವುಗಳನ್ನು ಅಲ್ಲಿ ಸ್ಪಾಟ್ ಎನ್ನುತ್ತಾರೆ. ನಮ್ಮ ಬೊಟ್ಟು ಎಂಬ ಮಾತು ಅದಕ್ಕೆ ಹೇಳಿ ಮಾಡಿಸಿದಂತಿದೆ. ನಡುನಡುವೆ ರೂಪಾಯಿಯಗಲದ ಬೆಳ್ಳಿಯ ಬಿಲ್ಲೆಗಳು. ಅವಕ್ಕೆ ಕಾಂಚೊ ಎಂದು ಹೆಸರು. ಚಿಪ್ಪು ಎಂಬರ್ಥದ ಸ್ಪ್ಯಾನಿಷ್ ಪದದಿಂದ ಬಂದದ್ದು.

ಈಗ ಚರಿತ್ರೆಗೆ ಬರೋಣ. ಅಮೆರಿಕದ ಪಶ್ಚಿಮ ಸೀಮೆಯಲ್ಲಿ ಒರೆ ಹೊಲಿಯುತ್ತಿದ್ದವರು ಕುದುರೆಯ ಜೀನು ಮಾಡುತ್ತಿದ್ದ ಕುಶಲಕರ್ಮಿಗಳು, ನಮ್ಮಲ್ಲಿ ಹಿಂದೆ ಜೀನಗಾರರೆಂದು ಕರೆಯುತ್ತಿದ್ದಂಥವರು. ಕ್ಯಾಲಿಫೋರ್ನಿಯದ ಚಿನ್ನದ ಬೇಟೆಯ ಕಾಲದಲ್ಲಿ, ಅಂದರೆ 1850ರ ದಶಕದಲ್ಲಿ, ಪಿಸ್ತೂಲಿನ ಮೈಗೆ ಅಂಟಿಕೊಂಡಂತೆ ತೆಳ್ಳಗೆ ಹೊಲಿದ ಒರೆಗಳು ಬಂದವು. ಅವುಗಳಿಗೆ ಕ್ಯಾಲಿಫೋರ್ನಿಯ ಮಾದರಿಯೆಂದು ಹೆಸರು. 1870ರ ದಶಕದ ಹೊತ್ತಿಗೆ ಮೆಕ್ಸಿಕನ್ ಲೂಪ್ ಎಂಬ ಇನ್ನೊಂದು ವಿಧ ಹರಡಿತು. ಇದರ ಜಾಣ್ಮೆಯನ್ನು ನೋಡಿ: ಒಂದೇ ತುಂಡು ಚರ್ಮದಿಂದ ಒರೆಯನ್ನೂ ಅದರ ಹಿಂಬದಿಯ ಅಗಲವಾದ ಸೆರಗನ್ನೂ ಕತ್ತರಿಸಿ, ಸೆರಗನ್ನು ಮಡಚಿ, ಅದರಲ್ಲಿ ಸೀಳಿದ ಕಂಡಿಗಳೊಳಗೆ ಒರೆಯನ್ನೇ ತೂರಿಸಿಬಿಡುವುದು. ಮಡಿಕೆಯ ನಡುವೆ ಸೊಂಟಪಟ್ಟಿ ಹಾಯುತ್ತದೆ. ಬೆಸುಗೆಯಿಲ್ಲ, ರಿವೆಟ್ ಇಲ್ಲ. ವಯೋಮಿಂಗಿನ ಚೈಯೆನ್ ಪಟ್ಟಣದ ಗ್ಯಾಲಟಿನ್, ಮೀನಿಯಾ, ಡೆನ್ವರಿನ ಹೈಸರ್ ಮೊದಲಾದವರು ತಮ್ಮ ಹೆಸರಿನ ಮುದ್ರೆಯನ್ನು ಚರ್ಮಕ್ಕೆ ಒತ್ತಿ ಮಾರುತ್ತಿದ್ದರು. ನನ್ನ ಸೋದರಳಿಯ ಈ ಕೆಲಸಕ್ಕೆ ಬಿದ್ದದ್ದು ತನ್ನ ಊರಿನ ಹೈಸರನ ಮುದ್ರೆಯಿದ್ದ ಒಂದು ಹರಕು ಒರೆಯನ್ನು ಹಳೆಯ ಸಾಮಾನಿನ ಅಂಗಡಿಯಲ್ಲಿ ಕಂಡ ಮೇಲೆ.

ಆ ಕಾಲದ ಒರೆಗಳಲ್ಲಿ ಹೆಚ್ಚಿನವು ಸಾದಾ. ಅಂಚಿನಲ್ಲಿ ಒಂದು ಗೆರೆ, ಹೆಚ್ಚೆಂದರೆ ಮೈತುಂಬ ಅಚ್ಚೊತ್ತಿದ ಅಥವಾ ಕೊರೆದ ಒಂದು ಬಳ್ಳಿ. ಬೊಟ್ಟು ಹೊಡೆದ ಒರೆಗಳೂ ಇದ್ದವು, ಆದರೆ ಸಿನಿಮಾದಲ್ಲಿ ಕಾಣುವ ಥಳಕು ಅವುಗಳಲ್ಲಿರಲಿಲ್ಲ. ಪಟ್ಟಿಯಲ್ಲಿ ಸೀಳು ಮಾಡಿ ಒರೆಯನ್ನು ತೊಡೆಯವರೆಗೆ ಇಳಿಬಿಡುವ ಆ ಪ್ರಸಿದ್ಧ ವಿನ್ಯಾಸ ಇಪ್ಪತ್ತನೆಯ ಶತಮಾನದ್ದು. ಅದರ ಹೆಸರು ಬಸ್ಕಡೇರೊ. ಅದನ್ನು ಜಗತ್ತಿಗೆ ಹರಡಿದ್ದು ಹಾಲಿವುಡ್.

ಹಾಗಾದರೆ ನಿಜವಾಗಿ ಗುಂಡು ಹಾರಿಸಿದವರು ಆಯುಧವನ್ನು ಎಲ್ಲಿಟ್ಟುಕೊಂಡಿದ್ದರು? ಅರಿಜೋನದ ಟೂಂಬ್‌ಸ್ಟೋನ್ ಪಟ್ಟಣದಲ್ಲಿ 1881ರ ಅಕ್ಟೋಬರ್ 26ರಂದು ನಡೆದ ಓಕೆ ಕೊರಾಲ್ ಕಾಳಗವೆಂದರೆ ಅಮೆರಿಕದವರಿಗೆ ನಮ್ಮ ತಾಳಿಕೋಟೆಯಂತೆ. ನಡೆದದ್ದು ಅರ್ಧ ನಿಮಿಷ, ಸತ್ತವರು ಮೂವರು, ಅದರ ಮೇಲೆ ಬಂದ ಚಿತ್ರಗಳು ಹಲವಾರು. ಅದರ ಮುಖ್ಯ ಪಾತ್ರಧಾರಿಯಾದ ವ್ಯಾಟ್ ಅರ್ಪ್ ತನ್ನ ಪಿಸ್ತೂಲನ್ನು ಓವರ್‌ಕೋಟಿನ ಜೇಬಿನಲ್ಲಿ ಇಟ್ಟುಕೊಂಡಿದ್ದುದಾಗಿ ಅನಂತರದ ನ್ಯಾಯವಿಚಾರಣೆಯಲ್ಲಿ ತಾನೇ ಹೇಳಿಕೆ ಕೊಟ್ಟಿದ್ದಾನೆ. ಜೇಬಿನಲ್ಲಿ! ಬೊಟ್ಟಿಲ್ಲ, ಬಿಲ್ಲೆಯಿಲ್ಲ, ಒರೆಯೇ ಇಲ್ಲ. ಇನ್ನೊಂದು ಸ್ವಾರಸ್ಯವೆಂದರೆ, ಪಟ್ಟಣದೊಳಗೆ ಆಯುಧ ಧರಿಸಬಾರದೆಂಬ ಕಟ್ಟಳೆ ಅದೇ ವರ್ಷದ ಏಪ್ರಿಲ್‌ನಿಂದ ಅಲ್ಲಿ ಜಾರಿಯಲ್ಲಿತ್ತು. ಆ ಕಟ್ಟಳೆಯ ಪಾಲನೆಗೆಂದು ಹೊರಟಾಗಲೇ ಈ ಕಾಳಗ ನಡೆದದ್ದು. ಪಶ್ಚಿಮ ಸೀಮೆಯಲ್ಲಿ ಪ್ರತಿಯೊಬ್ಬನೂ ಸೊಂಟಕ್ಕೆ ಜೋಡಿ ಪಿಸ್ತೂಲು ಕಟ್ಟಿ ಬೀದಿ ಸುತ್ತುತ್ತಿದ್ದನೆಂದು ಚಿತ್ರ ನೋಡಿ ನಂಬಿದವರು ಇದನ್ನು ಗಮನಿಸಬೇಕು. ವೈಲ್ಡ್ ಬಿಲ್ ಹಿಕಾಕ್ ಎಂಬ ಮತ್ತೊಬ್ಬ ಖ್ಯಾತನು ತನ್ನ ಜೋಡಿ ಪಿಸ್ತೂಲುಗಳನ್ನು ನಡುವಿಗೆ ಸುತ್ತಿದ ಬಟ್ಟೆಯ ಪಟ್ಟಿಯಲ್ಲಿ ಸಿಕ್ಕಿಸಿಕೊಳ್ಳುತ್ತಿದ್ದನು, ನಮ್ಮ ಹಳ್ಳಿಯ ಗೌಡರು ಚಂಚಿಯನ್ನು ಸಿಕ್ಕಿಸಿಕೊಳ್ಳುತ್ತಿದ್ದಂತೆ.

ಬೊಟ್ಟು, ಬಿಲ್ಲೆ, ಬೆಳ್ಳಿಯ ಥಳಕು ವಿಜೃಂಭಿಸಿದ್ದು ಪ್ರದರ್ಶನದ ಕಣದಲ್ಲಿ. ಬಫಲೋ ಬಿಲ್ ಎಂಬಾತನು 1883ರಲ್ಲಿ ಕುದುರೆ, ಬಂದೂಕು, ಬುಡಕಟ್ಟಿನ ಜನ ಎಲ್ಲರನ್ನೂ ಕಟ್ಟಿಕೊಂಡು ಸರ್ಕಸ್ಸಿನಂಥ ಆಟವನ್ನು ಆರಂಭಿಸಿದನು. ಬಳಿಕ ಮೂಕಿಚಿತ್ರಗಳು ಬಂದವು. ಸ್ವೀಡನ್ನಿನಲ್ಲಿ ಹುಟ್ಟಿ, ವಯೋಮಿಂಗಿನಲ್ಲಿ ಚರ್ಮದ ಅಂಗಡಿ ಇಟ್ಟಿದ್ದ ಎಡ್ವರ್ಡ್ ಬೋಲಿನ್ ಎಂಬ ಕುಶಲಕರ್ಮಿ 1920ರ ದಶಕದಲ್ಲಿ ಹಾಲಿವುಡ್ಡಿಗೆ ಬಂದು, ಟಾಮ್ ಮಿಕ್ಸ್ ಮೊದಲಾದ ತಾರೆಗಳಿಗೆ ಬೆಳ್ಳಿ ಹೊದೆಸಿದ ಜೀನುಗಳನ್ನೂ ಸೊಂಟಪಟ್ಟಿಗಳನ್ನೂ ಮಾಡಿಕೊಟ್ಟನು. ತೆರೆಯ ಮೇಲೆ ದೀಪದ ಬೆಳಕು ಬಿದ್ದಾಗ ಮಿನುಗಬೇಕೆಂಬುದೇ ಅವುಗಳ ಉದ್ದೇಶ. ನಮ್ಮ ಯಕ್ಷಗಾನದ ಭುಜಕೀರ್ತಿ, ಎದೆಕಟ್ಟುಗಳ ಹಾಗೆ. ಭೀಮನ ಗದೆಗೆ ಬೇಗಡೆ ಹಚ್ಚಿದವನನ್ನು ಕೊಲೆಗೆ ಕುಮ್ಮಕ್ಕು ಕೊಟ್ಟವನೆಂದು ನಾವು ದೂರಿದ್ದುಂಟೇ? 1950ರ ದಶಕದಲ್ಲಿ ಟೆಲಿವಿಷನ್ ಬಂದ ಮೇಲಂತೂ ಹೋಪಲಾಂಗ್ ಕ್ಯಾಸಿಡಿ, ರಾಯ್ ರೋಜರ್ಸ್ ಇವರ ಹೆಸರಿನಲ್ಲಿ ಮಕ್ಕಳ ಒರೆಗಳು ರಾಶಿರಾಶಿಯಾಗಿ ಮಾರಾಟವಾದವು: ತೆಳು ಚರ್ಮ, ಮೈತುಂಬ ಬೊಟ್ಟು, ನಡುವೆ ಗಾಜಿನ ಕೆಂಪು ಹರಳು, ಒಳಗೆ ಟಪ್ ಎನ್ನುವ ಕೇಪಿನ ಪಿಸ್ತೂಲು. ನಾವು ದೀಪಾವಳಿಗೆ ರೋಲ್ ಕೇಪು ಸಿಡಿಸಿದ ಮಾದರಿಯದೇ. ಇಂದು ಸಂಗ್ರಾಹಕರು ಆ ಮಕ್ಕಳ ಒರೆಗಳನ್ನು ಹುಡುಕಿ ಕೊಳ್ಳುತ್ತಾರೆ. ಸೋದರಳಿಯನ ಬಳಿ ಅಂಥವು ಏಳು ಇವೆ. ಒಂದರ ಪಟ್ಟಿಯ ಒಳಬದಿಯಲ್ಲಿ ಯಾವುದೋ ಮಗು ಪೆನ್ಸಿಲಿನಲ್ಲಿ ತನ್ನ ತರಗತಿಯನ್ನು ಬರೆದುಕೊಂಡಿದೆ.

ಆದರೆ ಸತ್ಯವನ್ನು ಅರ್ಧ ಹೇಳಿ ನಿಲ್ಲಿಸುವುದು ವಕೀಲರಿಗೆ ಸರಿ, ಶಿಕ್ಷಕರಿಗಲ್ಲ. ಹೂವು ಕೆತ್ತಿದ ಒರೆಯಿಂದ ಹೊರಬಂದ ಗುಂಡು ಯಾರನ್ನೂ ಕೊಂದಿಲ್ಲವೆಂದು ನಾನು ವಾದಿಸುವುದಿಲ್ಲ. ಟೆಕ್ಸಾಸಿನ ಎಲ್ ಪಾಸೊದಲ್ಲಿ ಮೈರೆಸ್ ಎಂಬ ಜೀನುಗಾರನು ಹೊಲಿದ ಸೊಗಸಾದ ಒರೆಗಳನ್ನು ಕೆಲಸದ ಪೊಲೀಸರೂ ಧರಿಸುತ್ತಿದ್ದರು. ಎರಡನೆಯ ಮಹಾಯುದ್ಧದ ದಂಡನಾಯಕ ಪ್ಯಾಟನ್ ತನ್ನ ದಂತದ ಹಿಡಿಯ ಕೋಲ್ಟ್ ಪಿಸ್ತೂಲಿಗೆ ಮಾಡಿಸಿಕೊಂಡಿದ್ದು ಅವನಿಂದಲೇ. ಬೊಟ್ಟು ಹೊಡೆದ ಮಾತ್ರಕ್ಕೆ ಆಯುಧವು ಆಟಿಕೆಯಾಗುವುದಿಲ್ಲ. ಅಷ್ಟೇ ಅಲ್ಲ, ಬಂದೂಕನ್ನು ಕಣ್ಣಿಗೆ ಚೆಲುವಾಗಿ ಕಾಣಿಸಿದ್ದರಲ್ಲಿ, ಹುಡುಗರ ಮನಸ್ಸಿನಲ್ಲಿ ಅದನ್ನು ಗಂಡಸುತನದ ಗುರುತಾಗಿ ನಿಲ್ಲಿಸಿದ್ದರಲ್ಲಿ, ಈ ಚಿತ್ರಗಳಿಗೂ ಈ ಒರೆಗಳಿಗೂ ಪಾಲಿದೆಯೆಂಬ ಆಕ್ಷೇಪಣೆಯನ್ನು ನಾನು ತಳ್ಳಿಹಾಕಲಾರೆ. 1999ರ ಏಪ್ರಿಲ್ 20ರಂದು ಕೊಲಂಬೈನ್ ಹೈಸ್ಕೂಲಿನಲ್ಲಿ ಇಬ್ಬರು ವಿದ್ಯಾರ್ಥಿಗಳು ಗುಂಡು ಹಾರಿಸಿ ಹನ್ನೆರಡು ಸಹಪಾಠಿಗಳನ್ನೂ ಒಬ್ಬ ಶಿಕ್ಷಕರನ್ನೂ ಅಂದು ಕೊಂದರು. ಅದು ನಡೆದದ್ದು ಡೆನ್ವರಿನ ಹೊರವಲಯದಲ್ಲಿ. ನನ್ನ ಸೋದರಳಿಯನಿಗೆ ಆಗ ಎಂಟು ವರ್ಷ. ಆ ಮಧ್ಯಾಹ್ನ ಅವನ ಶಾಲೆಯಿಂದ ಅವನನ್ನು ಕರೆತರಲು ಹೋದ ತಂಗಿಯ ಕೈ ಸಂಜೆಯವರೆಗೂ ನಡುಗುತ್ತಿತ್ತಂತೆ. 2023ರಲ್ಲಿ ಅಲ್ಲಿಗೆ ಹೋಗಿದ್ದಾಗ ಆ ಶಾಲೆಯ ಪಕ್ಕದ ಉದ್ಯಾನದಲ್ಲಿರುವ ಸ್ಮಾರಕದ ಮುಂದೆ ನಾನೂ ನಿಂತಿದ್ದೆ. ಹೈಸ್ಕೂಲಿನ ಶಿಕ್ಷಕನಾದವನು ಅಲ್ಲಿ ನಿಂತು ಏನನ್ನು ಯೋಚಿಸುತ್ತಾನೆಂದು ಬಿಡಿಸಿ ಹೇಳಬೇಕಾಗಿಲ್ಲ. ಆ ದಿನ ಆಯುಧಗಳು ಶಾಲೆಯೊಳಗೆ ಹೋದದ್ದು ಕೈಚೀಲಗಳಲ್ಲಿ, ಉದ್ದನೆಯ ಕೋಟಿನ ಮರೆಯಲ್ಲಿ.

ಈ ಹುಡುಗನ ಮನೆಯಲ್ಲಿ ಒಂದೂ ಬಂದೂಕಿಲ್ಲ. ಇದನ್ನು ಎರಡು ಮದುವೆಮನೆಗಳಲ್ಲಿ ಯಾರೂ ಹೇಳಲಿಲ್ಲ, ಏಕೆಂದರೆ ಯಾರೂ ಕೇಳಲಿಲ್ಲ. ಒರೆಯ ಅಚ್ಚಿಗೆ ಅವನು ಬಳಸುವುದು ಪಿಸ್ತೂಲಿನ ಅಳತೆಯ ನೀಲಿ ಪ್ಲಾಸ್ಟಿಕ್ಕಿನ ಘನವಾದ ಪ್ರತಿಕೃತಿಯನ್ನು. ಅದಕ್ಕೆ ಕುದುರೆಯೂ ಇಲ್ಲ, ನಳಿಗೆಯಲ್ಲಿ ರಂಧ್ರವೂ ಇಲ್ಲ. ಅದರಿಂದ ಸೊಳ್ಳೆಯನ್ನೂ ಕೊಲ್ಲಲಾಗದು. ಅವನ ಒರೆಗಳನ್ನು ಕೊಳ್ಳುವವರಲ್ಲಿ ಹಲವರು ಹಳೆಯ ಕಾಲದ ವೇಷ ತೊಟ್ಟು, ಅಡ್ಡಹೆಸರು ಇಟ್ಟುಕೊಂಡು, ಕಬ್ಬಿಣದ ತಟ್ಟೆಗಳಿಗೆ ಗುರಿಯಿಟ್ಟು ಹೊಡೆಯುವ ಸ್ಪರ್ಧೆಯವರು. 1987ರಲ್ಲಿ ಆರಂಭವಾದ ಒಂದು ಸಂಘವೇ ಅದಕ್ಕಿದೆ. ಇನ್ನುಳಿದವರು ಗೋಡೆಗೆ ತೂಗುಹಾಕುವವರು.

ಇನ್ನು ಕೆಲಸದ ರೀತಿ. ನಾಲ್ಕು ತಿಂಗಳು ಅವನ ಕಾರ್‌ಶೆಡ್ಡಿನಲ್ಲಿ ಮುರುಕು ಕುರ್ಚಿ ಹಾಕಿಕೊಂಡು ಕುಳಿತು ನಾನು ನೋಡಿದ್ದೇನೆ. ನನ್ನನ್ನು ಅಲ್ಲಿಂದ ಎಬ್ಬಿಸುವುದಕ್ಕೆ ತಂಗಿಯು ಕಾಫಿಯ ಆಮಿಷ ಒಡ್ಡಬೇಕಾಗುತ್ತಿತ್ತು. ಮರದ ತೊಗಟೆಯ ಸಾರದಲ್ಲಿ ಹದಮಾಡಿದ ಹಸುವಿನ ಚರ್ಮ (ಹೌದು, ಹಸುವಿನದೇ, ಮುಚ್ಚಿಡುವುದೇಕೆ?), ದಪ್ಪ ಮೂರೂಕಾಲರಿಂದ ನಾಲ್ಕು ಮಿಲಿಮೀಟರು. ಅಲ್ಲಿ ದಪ್ಪವನ್ನು ಔನ್ಸಿನ ಲೆಕ್ಕದಲ್ಲಿ ಹೇಳುತ್ತಾರೆ. ಒಂದು ಔನ್ಸೆಂದರೆ ಅಂಗುಲದ ಅರವತ್ತನಾಲ್ಕನೆಯ ಒಂದು ಭಾಗ. ರಾಸಾಯನಿಕ ಕ್ರೋಮಿನಲ್ಲಿ ಹದಮಾಡಿದ ಚರ್ಮ ಈ ಕೆಲಸಕ್ಕೆ ಬಾರದು. ಅದು ಕೆತ್ತನೆಯನ್ನು ಹಿಡಿದಿಟ್ಟುಕೊಳ್ಳುವುದಿಲ್ಲ, ಅದರಲ್ಲಿ ಉಳಿದ ಲವಣಗಳು ಲೋಹವನ್ನು ತಿನ್ನುತ್ತವೆ.

ಚರ್ಮವನ್ನು ಮೊದಲು ನೀರಿನಲ್ಲಿ ನೆನೆಸಿ ತೆಗೆದಿಡುತ್ತಾನೆ. ನೀರು ಹೀರಿ ಕಪ್ಪಾದ ಚರ್ಮ ನಿಧಾನವಾಗಿ ತನ್ನ ಮೂಲ ಬಣ್ಣಕ್ಕೆ ತಿರುಗುತ್ತ ಬಂದಾಗ, ಮುಟ್ಟಿದರೆ ಮಾತ್ರ ತಣ್ಣಗಿರುವಾಗ, ಅದು ಕೆತ್ತನೆಯ ಹದ. ನಮ್ಮ ತಾಯಂದಿರು ಬೆಲ್ಲದ ಪಾಕ ನೋಡುವಂತೆ ಅವನು ಬೆರಳಿನಿಂದಲೇ ಅದನ್ನು ನೋಡುತ್ತಾನೆ. ಆಗ ಬೆರಳ ಮೇಲೆ ತಿರುಗುವ ಸಣ್ಣ ಕತ್ತಿಯಿಂದ ಹೂವಿನ ಗೆರೆಗಳನ್ನು ಚರ್ಮದ ಅರ್ಧದಷ್ಟು ಆಳಕ್ಕೂ ಹೋಗದಂತೆ ಕೊರೆಯುವುದು. ಒಂದು ಸಲ ಕೊರೆದ ಗೆರೆಯನ್ನು ಅಳಿಸುವ ರಬ್ಬರು ಲೋಕದಲ್ಲಿಲ್ಲ. ಅನಂತರ ಗೆರೆಯ ಒಂದು ಬದಿಯನ್ನು ಮೊಂಡಾದ ಉಕ್ಕಿನ ಮೊಳೆಯಿಂದ ಬಡಿದು ತಗ್ಗಿಸಿದರೆ, ಇನ್ನೊಂದು ಬದಿ ಎಸಳಾಗಿ ಮೇಲೇಳುತ್ತದೆ. ಎಸಳಿನ ನಾಳಗಳಿಗೊಂದು ಮೊಳೆ, ಹೂವಿನ ಬೀಜಕ್ಕೊಂದು, ಹಿನ್ನೆಲೆಯ ಒರಟಿಗೆ ಮತ್ತೊಂದು. ವಯೋಮಿಂಗಿನ ಶೆರಿಡನ್ ಪಟ್ಟಣದಲ್ಲಿ ಡಾನ್ ಕಿಂಗ್ (1923–2007) ಎಂಬ ಕುಶಲಕರ್ಮಿ ಬೆಳೆಸಿದ ಶೈಲಿಯಲ್ಲಿ ಸಣ್ಣಸಣ್ಣ ಹೂಗಳು ವೃತ್ತದೊಳಗೆ ವೃತ್ತವಾಗಿ ಹೆಣೆದುಕೊಂಡಿರುತ್ತವೆ. ನನ್ನ ಕಣ್ಣಿಗೆ ಅವು ಬೇಲೂರಿನ ಶಿಲಾಲತೆಗಳನ್ನು ನೆನಪಿಗೆ ತಂದವು. ಅಭಿಮಾನದ ಮಾತೆಂದು ನೀವು ನಕ್ಕರೂ ಅಡ್ಡಿಯಿಲ್ಲ.

ಬೊಟ್ಟು ಕೂಡಿಸುವುದು ಮೇಲ್ನೋಟಕ್ಕೆ ಸುಲಭ. ಪ್ರತಿಯೊಂದಕ್ಕೂ ಹಿಂಬದಿಯಲ್ಲಿ ಹಲ್ಲುಗಳಿರುತ್ತವೆ. ಚರ್ಮದಲ್ಲಿ ಸೀಳಿದ ಕಂಡಿಗಳಲ್ಲಿ ತೂರಿಸಿ ಹಿಂದೆ ಮಡಚಬೇಕು. ಆದರೆ ಬಾಗಿದ ಅಂಚಿನಲ್ಲಿ ನೂರಾರು ಬೊಟ್ಟುಗಳ ಸಾಲು ಹೋಗುವಾಗ ನಡುವಿನ ಅಂತರ ಕೂದಲೆಳೆಯಷ್ಟು ತಪ್ಪಿದರೂ ಕೊನೆಯಲ್ಲಿ ಅರ್ಧ ಬೊಟ್ಟಿನ ಜಾಗ ಉಳಿದು ಅಣಕಿಸುತ್ತದೆ. ಆದುದರಿಂದ ಮೊದಲೇ ಕಾಗದದ ಮೇಲೆ ಲೆಕ್ಕ ಹಾಕುತ್ತಾನೆ. ಮಡಚಿದ ಹಲ್ಲುಗಳು ಆಯುಧವನ್ನು ಗೀಚಬಾರದೆಂದು ಅವುಗಳ ಮೇಲೆ ಒಳಪದರದ ಚರ್ಮವನ್ನು ಅಂಟಿಸಿ ಹೊಲಿಯುತ್ತಾನೆ. ಹಳೆಯ ಅಗ್ಗದ ಒರೆಗಳಲ್ಲಿ ಈ ಪದರವಿರುವುದಿಲ್ಲ. ಹಿತ್ತಾಳೆಯ ಸುತ್ತ ಚರ್ಮದ ಎಣ್ಣೆಯೊಡನೆ ಸೇರಿ ಹಸಿರು ಕಿಲುಬು ಕಟ್ಟಿರುತ್ತದೆ. ಹೊಲಿಗೆಗೆ ಮೇಣ ಸವರಿದ ನಾರಿನ ದಾರ, ಎರಡು ತುದಿಗೆ ಎರಡು ಸೂಜಿ. ಒಂದೇ ತೂತಿನಲ್ಲಿ ಎರಡೂ ಎದುರುಬದಿರಾಗಿ ಹಾಯಬೇಕು. ಯಂತ್ರದ ಹೊಲಿಗೆ ಒಂದೆಡೆ ಹರಿದರೆ ಉದ್ದಕ್ಕೂ ಬಿಚ್ಚಿಕೊಳ್ಳುತ್ತದೆ. ಇದರಲ್ಲಿ ಒಂದು ಎಳೆ ಹರಿದರೂ ಇನ್ನೊಂದು ಹಿಡಿದಿರುತ್ತದೆ. ಈ ಹೊಲಿಗೆಯನ್ನು ಕಂಡಾಗ, ನನ್ನ ಬಾಲ್ಯದಲ್ಲಿ ನಮ್ಮ ಊರ ಸಂತೆಯ ಮೂಲೆಯಲ್ಲಿ ಕುಳಿತಿರುತ್ತಿದ್ದ ಮುದುಕನ ಕೈ ನೆನಪಾಯಿತು. ಅವನ ಬಳಿ ಇದ್ದದ್ದು ಒಂದು ರಂಪಿಗೆ, ಒಂದು ದಬ್ಬಳ, ಒಂದು ಕಲ್ಲು. ಅದೇ ಹೊಲಿಗೆ. ಅವನ ಹೆಸರನ್ನು ನಮ್ಮ ಮನೆಯಲ್ಲಿ ಯಾರೂ ಕೇಳಿರಲಿಲ್ಲ.

ನನ್ನ ನಿಜವಾದ ಸಿಟ್ಟು ಯಾರ ಮೇಲೆಂದರೆ, ಸಂಗ್ರಾಹಕರ ಮಾರುಕಟ್ಟೆಯ ಮೇಲೆ. ಹಿಂಸೆಯನ್ನು ದೂರುವ ನಮ್ಮ ಬಂಧುಗಳು ಕಣ್ಣು ಹಾಯಿಸಬೇಕಾದದ್ದು ಅತ್ತ. 2011ರಲ್ಲಿ ಡೆನ್ವರಿನಲ್ಲಿಯೇ ನಡೆದ ಹರಾಜಿನಲ್ಲಿ ಬಿಲ್ಲಿ ದ ಕಿಡ್ ಎಂಬ ಹಂತಕನ, ಅಂಗೈಯಗಲದ ತಗಡಿನ ಮೇಲಿನ ಒಂದು ಭಾವಚಿತ್ರ 23 ಲಕ್ಷ ಡಾಲರಿಗೆ ಹೋಯಿತು. 2021ರಲ್ಲಿ ಲಾಸ್ ಏಂಜಲಿಸ್‌ನಲ್ಲಿ ಅವನನ್ನು ಕೊಂದ ಪಿಸ್ತೂಲು 60 ಲಕ್ಷ ಡಾಲರಿಗೂ ಮಿಕ್ಕಿ ಮಾರಾಟವಾಯಿತು. ಅದನ್ನು ತಯಾರಿಸಿದ ಕೋಲ್ಟ್ ಕಾರ್ಖಾನೆಯು ಅಂಥವೇ ಸಾವಿರಾರು ಪಿಸ್ತೂಲುಗಳನ್ನು ಹೊರತಂದಿತ್ತು. ಬೆಲೆ ಬಂದದ್ದು ಒಂದು ಹೆಣದಿಂದ. ಒರೆಗಳ ಪೇಟೆಯಲ್ಲಿಯೂ ಇದೇ ನ್ಯಾಯ. ಎಷ್ಟು ಸೊಗಸಾದ ಕೆತ್ತನೆಯಿದ್ದರೂ ಬರಿಯ ಜೀನುಗಾರನ ಹೆಸರಿಗೆ ಒಂದು ಬೆಲೆ. ಇದು ಇಂಥ ದರೋಡೆಕೋರನ ಸೊಂಟದಲ್ಲಿತ್ತು ಎಂದು ಸಾಬೀತಾದರೆ ಅದರ ಹಲವು ಪಟ್ಟು. ಅದರಿಂದಲೇ ಮೋಸವೂ ಹುಟ್ಟುತ್ತದೆ: ಹೊಸ ಚರ್ಮವನ್ನು ಬಿಸಿಲಿಗೆ ಹಾಕಿ, ಎಣ್ಣೆ ಮಸಿ ಬಳಿದು, ಸುಳ್ಳು ಮುದ್ರೆ ಒತ್ತಿ, ಜೊತೆಗೊಂದು ಕಟ್ಟುಕತೆಯನ್ನು ಹೊಲಿದು ಮಾರುವುದು. ಕೊಲೆಗಾರನ ಹೆಸರಿಗೆ ಹೀಗೆ ಹಾತೊರೆಯುವವರಿಗೆ ಕಣ್ಣೆದುರಿನ ಚಿತ್ರವನ್ನು ನೋಡುವ ವ್ಯವಧಾನವೂ ಇರಲಿಲ್ಲವೆಂಬುದಕ್ಕೆ ಬಿಲ್ಲಿಯ ಆ ಭಾವಚಿತ್ರವೇ ಸಾಕ್ಷಿ. ತಗಡಿನ ಮೇಲೆ ಬಿಂಬ ಕನ್ನಡಿಯಲ್ಲಿ ಕಂಡಂತೆ ಎಡಬಲ ಅದಲುಬದಲಾಗಿ ಮೂಡುತ್ತಿತ್ತು. ಒರೆ ಎಡಗಡೆ ಕಂಡದ್ದರಿಂದ ಅವನು ಎಡಚನೆಂದು ದಶಕಗಟ್ಟಲೆ ನಂಬಿದರು. 1958ರಲ್ಲಿ ಅದೇ ಹೆಸರಿನ ಚಲನಚಿತ್ರವೂ ಬಂದಿತು. ಅವನ ಕೈಯಲ್ಲಿದ್ದ ವಿಂಚೆಸ್ಟರ್ ಬಂದೂಕಿನ ತೋಟಾ ತುಂಬುವ ಬಾಗಿಲು ಇರಬೇಕಾದ ಬಲಬದಿಯ ಬದಲು ಎಡಬದಿಯಲ್ಲಿ ಕಾಣುತ್ತಿತ್ತು. ವಸ್ತುವನ್ನು ಮಾಡಿದವನ ಕಣ್ಣಿನಿಂದ ನೋಡಿದ್ದರೆ ಮೊದಲ ದಿನವೇ ಗೊತ್ತಾಗುತ್ತಿತ್ತು.

ರಿಚರ್ಡ್ ರಾಟನ್‌ಬರಿ ಎಂಬ ವಿದ್ವಾಂಸರು 1993ರಲ್ಲಿ 'ಪ್ಯಾಕಿಂಗ್ ಐರನ್' ಎಂಬ ಗ್ರಂಥವನ್ನು ಹೊರತಂದರು. ಗಡಿಸೀಮೆಯ ಒರೆಗಳ ಬಗೆಗೆ ಸಂಗ್ರಾಹಕರಿಗೆ ಅದು ಕೈಪಿಡಿ. ಹಂತಕರ ಕಥೆಗಳ ನಡುವೆ ಜೀನುಗಾರರ ಮುದ್ರೆಗಳಿಗೂ ವಿನ್ಯಾಸಗಳಿಗೂ ಸ್ಥಾನ ದೊರೆತದ್ದು ಇಂಥ ಕೃತಿಗಳಿಂದ. ಸೋದರಳಿಯನ ಸಂಗ್ರಹವೂ ಆ ಜಾಡಿನದೇ. ಅವನ ಕಪಾಟಿನಲ್ಲಿ ಒಬ್ಬ ಡಕಾಯಿತನ ಒರೆಯೂ ಇಲ್ಲ; ಪ್ರತಿಯೊಂದಕ್ಕೂ ಕಟ್ಟಿದ ಚೀಟಿಯಲ್ಲಿ ಮಾಡಿದವನ ಹೆಸರು, ಊರು, ಅಂಗುಲಕ್ಕೆ ಎಷ್ಟು ಹೊಲಿಗೆ ಎಂಬ ಲೆಕ್ಕ.

ಇಲ್ಲಿಗೆ ಬಂದೂಕಿನ ವಿಷಯ ಸಾಕು. ನನಗೆ ಫೋನು ಮಾಡಿದವರ ಮಾತು ಒಂದೆರಡು ನಿಮಿಷ ಬಂದೂಕಿನ ಸುತ್ತ ಸುಳಿದು, ಕೊನೆಗೆ ತಪ್ಪದೆ ಚರ್ಮಕ್ಕೇ ಬಂದು ನಿಲ್ಲುತ್ತಿತ್ತು. "ಬಂದೂಕು ಹಾಗಿರಲಿ ಮೇಷ್ಟ್ರೇ, ನಮ್ಮ ಮನೆತನದ ಹುಡುಗ ಚರ್ಮ ಮುಟ್ಟಿ ಹೊಲಿಯುವುದೆಂದರೆ..." ಎಂದು ಒಬ್ಬರು ವಾಕ್ಯವನ್ನು ಪೂರ್ಣ ಮಾಡಲಿಲ್ಲ. ವ್ಯಾಕರಣದ ದೃಷ್ಟಿಯಿಂದ ಅಪೂರ್ಣವಾದರೂ ಅರ್ಥ ಪೂರ್ಣವಾಗಿತ್ತು. ಅದೇ ಮನೆತನದ ಹುಡುಗರಿಗೆ ಉಪನಯನದಲ್ಲಿ ಜನಿವಾರಕ್ಕೆ ಕೃಷ್ಣಾಜಿನದ ತುಂಡನ್ನು ಕಟ್ಟಿಸಿದವರು ಅವರೇ. ಅದು ಯಾವ ಮರದಲ್ಲಿ ಬೆಳೆಯುತ್ತದೆಂದು ತಿಳಿದಿದ್ದಾರೋ! ರಾಮನವಮಿಯ ಕಚೇರಿಯಲ್ಲಿ ಮೊದಲ ಸಾಲಿನಲ್ಲಿ ಕುಳಿತು ಮೃದಂಗದ ತನಿಯಾವರ್ತನಕ್ಕೆ ತೊಡೆ ತಟ್ಟುವವರೂ ಅವರೇ. ಆ ಮೃದಂಗದ ಎರಡು ಮುಖಕ್ಕೂ ಬಿಗಿದಿರುವುದು ಏನೆಂದು, ಬಿಗಿದವರು ಯಾರೆಂದು ವಿದ್ವಾಂಸರನ್ನು ಕೇಳಿದರೆ ಹೇಳುತ್ತಾರೆ. ಕಾಲಿನ ಬೂಟು, ಸೊಂಟದ ಬೆಲ್ಟು, ಕಿಸೆಯ ಪಾಕೀಟು, ಕಾರಿನ ಆಸನ, ಇವಾವುವೂ ಮೈಲಿಗೆಯಲ್ಲ. ಮೈಲಿಗೆಯಾದದ್ದು ಸೂಜಿ ಹಿಡಿದ ಕೈ ಮಾತ್ರ.

ಕೊಡಗಿನ ಮದುವೆಗೆ ಹೋದಾಗ ಮದುಮಗನ ನಡುವಿನ ಕೆಂಪು ರೇಷ್ಮೆಯ ಚೇಲೆಯಲ್ಲಿ ಸಿಕ್ಕಿಸಿದ ಪೀಚೆಕತ್ತಿಯನ್ನೂ ಅದರ ಬೆಳ್ಳಿ ಕೆಲಸದ ಒರೆಯನ್ನೂ ನೋಡಿ ಇದೇ ನಮ್ಮವರು ಎಷ್ಟು ಮೆಚ್ಚಿ ಫೋಟೋ ತೆಗೆಸಿಕೊಂಡರು! ಅದೂ ಆಯುಧವೇ, ಅದೂ ಅಲಂಕರಿಸಿದ ಒರೆಯೇ. ಅಲ್ಲಿ ಅಹಿಂಸೆಯ ನೆನಪು ಬರಲಿಲ್ಲ. ಅಂದಮೇಲೆ ಈ ಹುಡುಗನ ಪಿಸ್ತೂಲಿನ ಒರೆಯ ಮುಂದೆ ಮಾತ್ರ ಅದು ನೆನಪಾದದ್ದು ಏಕೆ?

2025ರ ಜೂನ್ ತಿಂಗಳಲ್ಲಿ ಮಿಲಾನಿನ ಪ್ರಾಡಾ ಸಂಸ್ಥೆಯು ಕೊಲ್ಹಾಪುರಿ ಚಪ್ಪಲಿಯನ್ನು ಹೋಲುವ ಪಾದರಕ್ಷೆಯನ್ನು ತನ್ನದೆಂಬಂತೆ ಪ್ರದರ್ಶಿಸಿದಾಗ ನಮ್ಮ ಕುಟುಂಬದ ವಾಟ್ಸಾಪ್ ಗುಂಪಿನಲ್ಲಿ ಎದ್ದ ಗದ್ದಲವನ್ನು ನಾನು ಅಳಿಸದೆ ಇಟ್ಟುಕೊಂಡಿದ್ದೇನೆ. "ನಮ್ಮ ಅಥಣಿಯ ಕಲೆ", "ನಮ್ಮ ಪರಂಪರೆ", "ನಮ್ಮ ಕರಕುಶಲಿಗಳು." ಸರಿಯಾದ ಸಿಟ್ಟೇ. ಆ ಚಪ್ಪಲಿಗೆ 2019ರಲ್ಲಿ ಭೌಗೋಳಿಕ ಗುರುತಿನ ಮಾನ್ಯತೆ ದೊರೆತಾಗ ಮಹಾರಾಷ್ಟ್ರದ ನಾಲ್ಕು ಜಿಲ್ಲೆಗಳೊಡನೆ ನಮ್ಮ ಬೆಳಗಾವಿ, ಧಾರವಾಡ, ಬಾಗಲಕೋಟೆ, ವಿಜಯಪುರಗಳೂ ಸೇರಿದ್ದವು. ಆ ಗುಂಪಿನಲ್ಲಿ "ನಮ್ಮ" ಎಂದು ಬರೆದ ಹನ್ನೊಂದು ಮಂದಿಯಲ್ಲಿ ಕನಿಷ್ಠ ಆರು ಮಂದಿ ಈ ಹುಡುಗನ ವಿಷಯದಲ್ಲಿ ತಲೆದೂಗಿದವರ ಪಟ್ಟಿಯಲ್ಲೂ ಇದ್ದಾರೆ. ಹೆಸರು ಬರೆಯುವುದಿಲ್ಲ; ಹಾಜರಿ ಕೂಗುವ ಕಾಲ ಮುಗಿಯಿತು.

ಎಂಟು ಶತಮಾನಗಳಿಗೂ ಹಿಂದೆ ಇದೇ ನಾಡಿನಲ್ಲಿ ಹರಳಯ್ಯ ದಂಪತಿಗಳು ತಮ್ಮ ತೊಡೆಯ ಚರ್ಮದಿಂದಲೇ ಬಸವಣ್ಣನವರಿಗೆ ಪಾದರಕ್ಷೆ ಹೊಲಿದು ತಂದರೆಂಬ ಕಥೆಯನ್ನು ನಾನು ಎಂಟನೆಯ ತರಗತಿಗೆ ಎಷ್ಟು ಸಲ ಹೇಳಿಲ್ಲ! ಆ ಹರಳಯ್ಯನ ಮಗನಿಗೂ ಬ್ರಾಹ್ಮಣನಾಗಿದ್ದ ಮಧುವರಸನ ಮಗಳಿಗೂ ಮದುವೆಯಾದುದಕ್ಕೆ ಕಲ್ಯಾಣದಲ್ಲಿ ಏನು ನಡೆಯಿತೆಂಬುದನ್ನೂ ಹೇಳಿದ್ದೇನೆ. ಪರೀಕ್ಷೆಯಲ್ಲಿ ಅದಕ್ಕೆ ನಾಲ್ಕು ಅಂಕ ಇರುತ್ತಿತ್ತು. ನಿಮ್ಮಲ್ಲಿ ಬಹುಪಾಲು ಜನ ನಾಲ್ಕಕ್ಕೆ ನಾಲ್ಕು ಪಡೆದಿದ್ದೀರಿ.

ನಮ್ಮ ಊರಿನ ಆ ಮುದುಕನ ಮೊಮ್ಮಗ ನನ್ನ ವಿದ್ಯಾರ್ಥಿಯೇ ಆಗಿದ್ದನು. ಈಗ ಬೆಂಗಳೂರಿನಲ್ಲಿ ಬ್ಯಾಂಕಿನ ಅಧಿಕಾರಿ. ಚರ್ಮದ ಕೆಲಸವನ್ನು ಹೊಗಳುವ ಈ ಮೇಷ್ಟ್ರ ಮಾತನ್ನು ಓದಿ ಅವನು ನಗಬಹುದು, ಅಥವಾ ಕೋಪಿಸಿಕೊಳ್ಳಬಹುದು. ಡೆನ್ವರಿನ ಕಾರ್‌ಶೆಡ್ಡಿನಲ್ಲಿ ಹವ್ಯಾಸಕ್ಕಾಗಿ ಸೂಜಿ ಹಿಡಿದವನಿಗೆ ತಪ್ಪಿದ್ದು ಒಂದು ಸಂಬಂಧ. ಅವನ ತಾತನಿಗೆ ಊರ ಬಾವಿಯ ನೀರೇ ತಪ್ಪಿತ್ತು. ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗುವಷ್ಟು ಮತಿಭ್ರಮಣೆ ನನಗಾಗಿಲ್ಲ. ಕೆಲಸವನ್ನು ಆರಿಸಿಕೊಳ್ಳುವ ಸ್ವಾತಂತ್ರ್ಯವಿದ್ದವನು ಆರಿಸಿಕೊಂಡಾಗಲೂ ಇಷ್ಟು ಉರಿ ಎದ್ದಿತೆಂದರೆ, ಆ ಸ್ವಾತಂತ್ರ್ಯವೇ ಇಲ್ಲದವರಿಗೆ ನಾವು ಎಂಥವರಾಗಿದ್ದೆವೆಂದು ಲೆಕ್ಕ ಹಾಕಿಕೊಳ್ಳಿರೆಂದು ಮಾತ್ರ ನಮ್ಮವರನ್ನು ಕೇಳುತ್ತಿದ್ದೇನೆ.

ಬರುವ ಪುಷ್ಯಮಾಸದಲ್ಲಿ ಸೋದರಳಿಯ ಊರಿಗೆ ಬರುತ್ತಿದ್ದಾನೆ, ಒಂದು ತಿಂಗಳ ಮಟ್ಟಿಗೆ. ಕೆತ್ತನೆಯ ಮೊಳೆಗಳನ್ನೂ ಸೂಜಿಗಳನ್ನೂ ತರುತ್ತೇನೆಂದು ಬರೆದಿದ್ದಾನೆ. ನೀಲಿ ಪ್ಲಾಸ್ಟಿಕ್ಕಿನ ಪಿಸ್ತೂಲನ್ನು ವಿಮಾನ ನಿಲ್ದಾಣದವರ ಭಯದಿಂದ ಅಲ್ಲೇ ಬಿಡುತ್ತಾನಂತೆ. ನಮ್ಮ ಮನೆಯ ಜಗಲಿಯಲ್ಲಿ ಅವನಿಗೆ ಜಾಗ ಮಾಡಿಕೊಡುತ್ತೇನೆ. ಬಂದು ನೋಡಲು ಇಚ್ಛೆಯುಳ್ಳವರು ಸಂಜೆ ನಾಲ್ಕರ ಮೇಲೆ ಬರಬಹುದು, ಕಾಫಿ ಉಂಟು. ಅವನಿಗೆ ಒಂದು ಸಹಾಯ ಬೇಕಾಗಿದೆ: ತೊಗಟೆ ಮತ್ತು ಅಳಲೆಕಾಯಿಯಲ್ಲಿ ಹದಮಾಡಿದ ನಮ್ಮ ಕಡೆಯ ಚರ್ಮ ಹೂಬಳ್ಳಿಯ ಕೆತ್ತನೆಯನ್ನು ಹಿಡಿಯುತ್ತದೆಯೋ ಇಲ್ಲವೋ ಎಂದು ಪರೀಕ್ಷಿಸಬೇಕಂತೆ. ಅಥಣಿ, ನಿಪ್ಪಾಣಿ ಕಡೆಯಲ್ಲಿ ಕೆಲಸದಲ್ಲಿರುವ ನನ್ನ ವಿದ್ಯಾರ್ಥಿಗಳು ಯಾರಾದರೂ ಇದ್ದರೆ, ಮೂರೂವರೆ ಮಿಲಿಮೀಟರಿಗೆ ಕಡಿಮೆಯಿಲ್ಲದ ಎರಡು ತುಂಡು ಎಲ್ಲಿ ದೊರೆಯುತ್ತದೆಂದು, ಹದಮಾಡಿದವರ ಹೆಸರಿನೊಂದಿಗೆ, ನನಗೆ ತಿಳಿಸಿರಿ.